ಗುಂಡ್ಲುಪೇಟೆಯ ಕೆರೆಗೆ ಟ್ರೌಟ್ ಮೀನು ಏಕೆ ಇಳಿಯಲಿಲ್ಲ?



ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಕೆರೆಗಳನ್ನು ನೋಡಬೇಕೆಂದರೆ ಚಳಿಗಾಲದಲ್ಲಿ ಹೋಗಬೇಕು. ಇದು ಮಳೆಯ ನೆರಳಿನ ನಾಡು. ನೈಋತ್ಯ ಮುಂಗಾರಿನ ಬಹುಪಾಲು ನೀರು ಪಶ್ಚಿಮದ ಬೆಟ್ಟಗಳಲ್ಲೇ ಸುರಿದುಹೋಗುತ್ತದೆ. ಇಲ್ಲಿನ ಕೆರೆಗಳು ನಂಬಿಕೊಂಡಿರುವುದು ಅಕ್ಟೋಬರ್, ನವೆಂಬರ್ ತಿಂಗಳ ಹಿಂಗಾರು ಮಳೆಯನ್ನು. ಆ ಮಳೆ ಕೈಕೊಡದಿದ್ದರೆ ಡಿಸೆಂಬರ್ ಹೊತ್ತಿಗೆ ಕೆರೆಯಂಗಳದಲ್ಲಿ ನೀರು ನಿಂತಿರುತ್ತದೆ, ಏರಿಯ ಮೇಲೆ ಗಾಳ ಹಿಡಿದ ಹುಡುಗರು ಕುಳಿತಿರುತ್ತಾರೆ. ಬಿದಿರಿನ ಕೋಲು, ನೈಲಾನ್ ದಾರ, ಎರೆಹುಳು ತುಂಬಿದ ತೆಂಗಿನ ಚಿಪ್ಪು: ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಭಾನುವಾರ ಸಂಜೆಯ ತನಕ ಇಷ್ಟೇ ಸಾಕು. ಸಿಗುವುದು ಗೆಂಡೆ, ಕೊರವ, ಜಿಲೇಬಿ ಮೀನು, ಅದೃಷ್ಟವಿದ್ದರೆ ಒಂದು ಕಾಟ್ಲಾ.

ಇದೇ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಸುಮಾರು ನೂರು ಕಿಲೋಮೀಟರ್ ಹೋದರೆ ಊಟಿ, ಅಂದರೆ ಉದಕಮಂಡಲ. ಅಲ್ಲಿನ ಮೇಲ್ಬೆಟ್ಟಗಳ ತೊರೆಗಳಲ್ಲೂ ಕೆರೆಗಳಲ್ಲೂ ಬೇರೊಂದು ಮೀನಿನ ಕಥೆ ಇದೆ. ಅದು ಟ್ರೌಟ್. ಅದು ನಮ್ಮ ದೇಶದ್ದಲ್ಲ. ಸಮುದ್ರ ದಾಟಿಸಿ, ಬೆಟ್ಟ ಹತ್ತಿಸಿ ಅದನ್ನು ತಂದರು. ಆದರೆ ಬೆಟ್ಟ ಹತ್ತಿದ ಆ ಮೀನು ನಮ್ಮ ಬಯಲಿನ ಕೆರೆಗೆ ಇಳಿಯಲಿಲ್ಲ. ಏಕೆ? ಈ ಒಂದು ಪ್ರಶ್ನೆಯ ಬೆನ್ನು ಹತ್ತಿದರೆ ಸ್ವಲ್ಪ ಇತಿಹಾಸ, ಸ್ವಲ್ಪ ವಿಜ್ಞಾನ, ಜೊತೆಗೆ ನಮ್ಮದೇ ಒಂದು ಮೀನಿನ ವಿಷಯವಾಗಿ ಚಿಂತೆಗೆ ಕಾರಣವಾಗುವ ಸಂಗತಿ ಕೂಡ ಕೈಗೆ ಸಿಗುತ್ತದೆ. ತೆರೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲದೆ ಬಿಟ್ಟುಹೋಗುವ ವಿವರಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಗಾಳದ ವಿದ್ಯೆ ನಮಗೆ ಹೊಸದಲ್ಲ

ಗಾಳ ಹಾಕಿ ಮೀನು ಹಿಡಿಯುವ ವಿನೋದವನ್ನು ಇಂಗ್ಲಿಷರು ನಮಗೆ ಕಲಿಸಿದರೆಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಅವನ ರಾಜಧಾನಿ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಒಂದು ವಿಶ್ವಕೋಶ. ಆನೆ, ಕುದುರೆ, ಅಡಿಗೆ, ಸಂಗೀತ, ಕುಸ್ತಿ ಎಲ್ಲವೂ ಅದರಲ್ಲಿವೆ. ಜೊತೆಗೆ 'ಮತ್ಸ್ಯವಿನೋದ' ಎಂಬ ಅಧ್ಯಾಯವೂ ಇದೆ. ಸಮುದ್ರದ ಮೀನು ಯಾವುದು, ಹೊಳೆಯ ಮೀನು ಯಾವುದು, ಯಾವ ಮೀನಿಗೆ ಯಾವ ಆಹಾರ ಹಾಕಿ ಒಂದೆಡೆಗೆ ಒಗ್ಗಿಸಬೇಕು, ಕೋಲು ಮತ್ತು ದಾರ ಹೇಗಿರಬೇಕು ಎಂಬುದೆಲ್ಲ ಅಲ್ಲಿ ಬರುತ್ತದೆ. ಭಾರತದ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರಸಿದ್ಧ ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಈ ಅಧ್ಯಾಯವನ್ನು ಅಭ್ಯಾಸ ಮಾಡಿ 1951ರಲ್ಲಿ ಪ್ರಬಂಧ ಪ್ರಕಟಿಸಿದರು. ಗಾಳದ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಸೋಮೇಶ್ವರನ ಗ್ರಂಥ ಅದಕ್ಕಿಂತ ಮುನ್ನೂರೈವತ್ತು ವರ್ಷಗಳಿಗೂ ಹಳೆಯದು.

ಹಾಗಾದರೆ ಇಂಗ್ಲಿಷರು ಹೊಸದಾಗಿ ತಂದದ್ದು ಏನನ್ನು? ವಿದ್ಯೆಯನ್ನು ಅಲ್ಲ, ಮೀನನ್ನು. ತಮ್ಮ ಊರಿನ ಹೊಳೆಯಲ್ಲಿ ಹಿಡಿಯುತ್ತಿದ್ದ ಮೀನನ್ನೇ ಇಲ್ಲಿಯೂ ಹಿಡಿಯಬೇಕೆಂಬ ಹಂಬಲ ಅವರದು.

ಬೆಟ್ಟದ ಮೇಲೊಂದು ಕೆರೆ

ನೀಲಗಿರಿಯ ಕಥೆ ಚಾಮರಾಜನಗರ ಜಿಲ್ಲೆಗೆ ತೀರ ಹೊರಗಿನದಲ್ಲ. 1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೊಳ್ಳೇಗಾಲ ಸೀಮೆ ಕಂಪನಿಯ ಕೈಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಅದು ಮತ್ತೆ ಮೈಸೂರಿಗೆ ಬಂದದ್ದು 1956ರಲ್ಲಿ, ರಾಜ್ಯಗಳ ಪುನರ್ವಿಂಗಡಣೆಯಾದಾಗ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆ ಹಳೆಯ ಕೊಯಮತ್ತೂರು ಜಿಲ್ಲೆಯ ಕಲೆಕ್ಟರ್ ಜಾನ್ ಸಲಿವನ್ ಎಂಬಾತನೇ ಊಟಿಯನ್ನು ಬೆಳೆಸಿದವನು. ತೊರೆಯೊಂದಕ್ಕೆ ಅಡ್ಡಲಾಗಿ ಒಡ್ಡು ಹಾಕಿಸಿ 1820ರ ದಶಕದಲ್ಲಿ ಊಟಿಯ ಕೆರೆಯನ್ನು ಕಟ್ಟಿಸಿದವನೂ ಅವನೇ. ಪ್ರವಾಸಿಗರು ಇಂದು ದೋಣಿಯಲ್ಲಿ ಕುಳಿತು ಸುತ್ತುವುದು ಆ ಕೆರೆಯಲ್ಲೇ. ಒಂದೇ ಕಚೇರಿಯ ಅಧಿಕಾರಿ ಕೊಳ್ಳೇಗಾಲದ ಕಂದಾಯವನ್ನೂ ಊಟಿಯ ಕೆರೆಯನ್ನೂ ನೋಡಿಕೊಳ್ಳುತ್ತಿದ್ದ ಕಾಲವದು.

ಭಾಷೆಯ ನಂಟೂ ಇದೆ. ನೀಲಗಿರಿಯ ದೊಡ್ಡ ಸಮುದಾಯವಾದ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು. 'ಬಡಗ' ಎಂದರೆ ಉತ್ತರ. ಮೈಸೂರು ಸೀಮೆಯ ದಕ್ಷಿಣ ಭಾಗದಿಂದ ತಮ್ಮ ಹಿರಿಯರು ಬೆಟ್ಟ ಹತ್ತಿದರೆಂಬುದು ಅವರ ಪರಂಪರೆಯ ನಂಬಿಕೆ. ಅಂದರೆ ಟ್ರೌಟ್ ಹತ್ತುವುದಕ್ಕೆ ಎಷ್ಟೋ ಮೊದಲೇ ಕನ್ನಡದ ಬಂಧುಗಳು ಆ ಬೆಟ್ಟ ಹತ್ತಿದ್ದರು.

ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಅಲ್ಲಿನ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮದರಾಸಿನ ಸೆಕೆಯಲ್ಲಿ ಬೆಂದ ಇಂಗ್ಲಿಷ್ ಅಧಿಕಾರಿಗಳಿಗೆ ಇದು ಸ್ವಂತ ಊರಿನಂತೆ ಕಂಡಿತು. ಗುಲಾಬಿ, ಸೇಬು, ಆಲೂಗಡ್ಡೆ, ಕೋಸು ಎಲ್ಲ ಬಂದವು. ಆದರೆ ಮೇಲ್ಬೆಟ್ಟದ ತಣ್ಣನೆಯ ತೊರೆಗಳಲ್ಲಿ ಗಾಳಕ್ಕೆ ತಕ್ಕ ದೊಡ್ಡ ಮೀನು ಇರಲಿಲ್ಲ. ಆ ಕೊರತೆಯನ್ನು ತುಂಬಬೇಕೆಂದು ಹೊರಟರು.

ನಲವತ್ತು ವರ್ಷಗಳ ಸೋಲು

ಫ್ರಾನ್ಸಿಸ್ ಡೇ ಎಂಬಾತ ಮದರಾಸು ಸೈನ್ಯದ ವೈದ್ಯ. ಮುಂದೆ 1870ರ ದಶಕದಲ್ಲಿ 'ಫಿಶಸ್ ಆಫ್ ಇಂಡಿಯಾ' ಎಂಬ ಮಹಾಗ್ರಂಥವನ್ನು ಬರೆದು ಹೆಸರಾದವನು. 1863ರಲ್ಲಿ ಈತ ಟ್ರೌಟ್ ತರುವ ಮೊದಲ ಪ್ರಯತ್ನ ಮಾಡಿದ. ಫಲಿಸಲಿಲ್ಲ. ಮುಂದಿನ ವರ್ಷಗಳಲ್ಲಿ ಊಟಿಯ ಸರ್ಕಾರಿ ಸಸ್ಯೋದ್ಯಾನದ ಮೇಲ್ವಿಚಾರಕ ಮೆಕೈವರ್ ಮುಂತಾದವರು ಮತ್ತೆ ಕೈಹಾಕಿದರು. ಟೆಂಚ್ ಮೊದಲಾದ ಕೆಲವು ವಿಲಾಯತಿ ಮೀನುಗಳು ಊಟಿಯ ಕೆರೆಯಲ್ಲಿ ಬದುಕಿದವು. ಟ್ರೌಟ್ ಮಾತ್ರ ನಿಲ್ಲಲಿಲ್ಲ.

ಈ ಸಾಲಿನಲ್ಲಿ ಕನ್ನಡನಾಡಿನ ನಂಟಿರುವ ಇನ್ನೊಂದು ಹೆಸರು ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಈತ ಅಲ್ಲಿನ ಮೀನು ಸಾಕಣೆಯ ಬಗ್ಗೆ 1870ರಲ್ಲಿ ವರದಿ ಪ್ರಕಟಿಸಿದ. ಭಾರತದ ಹೊಳೆಗಳಲ್ಲಿ ಗಾಳ ಹಾಕುವವರಿಗಾಗಿ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ನೀಲಗಿರಿಗೆ ಟ್ರೌಟ್ ತರಿಸಲು ಶ್ರಮಿಸಿದವರಲ್ಲಿ ಈತನೂ ಒಬ್ಬ.

ಇಷ್ಟೊಂದು ಸೋಲು ಏಕೆ? ಕಾರಣ ಮೊಟ್ಟೆಯಲ್ಲಿದೆ. ದೊಡ್ಡ ಮೀನನ್ನು ಹಡಗಿನಲ್ಲಿ ತರುವುದು ಕಷ್ಟ, ಆದ್ದರಿಂದ ಮೊಟ್ಟೆಗಳನ್ನು ತರಬೇಕು. ಮೀನಿನ ಮೊಟ್ಟೆ ಎಷ್ಟು ದಿನಕ್ಕೆ ಒಡೆಯುತ್ತದೆಂಬುದು ನೀರಿನ ಉಷ್ಣತೆಯ ಮೇಲೆ ನಿಂತಿದೆ. ಯೂರೋಪಿನ ಕಂದು ಟ್ರೌಟಿನ ಮೊಟ್ಟೆ 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು 40 ದಿನಕ್ಕೆ ಒಡೆಯುತ್ತದೆ. 5 ಡಿಗ್ರಿಯಲ್ಲಾದರೆ ಸುಮಾರು 80 ದಿನ ಬೇಕು. ಎರಡನ್ನೂ ಗುಣಿಸಿ ನೋಡಿ. 10 × 40 ಆದರೂ 400, 5 × 80 ಆದರೂ 400. ಉಷ್ಣತೆ ಮತ್ತು ದಿನಗಳ ಈ ಗುಣಲಬ್ಧ ಬಹುಮಟ್ಟಿಗೆ ಒಂದೇ ಇರುತ್ತದೆ. ಮೀನು ಸಾಕುವವರು ಇದನ್ನು 'ಡಿಗ್ರಿ-ದಿನ'ಗಳ ಲೆಕ್ಕ ಎನ್ನುತ್ತಾರೆ. ನೀರು ಹೆಚ್ಚು ಬಿಸಿಯಾದರೆ ಈ ಲೆಕ್ಕ ನಡೆಯುವುದಿಲ್ಲ, ಮೊಟ್ಟೆಯೇ ಸಾಯುತ್ತದೆ.

ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಇಂಗ್ಲೆಂಡಿನಿಂದ ಬರುವ ಸಾಮಾನು ಈಜಿಪ್ಟಿನಲ್ಲಿ ಹಡಗಿನಿಂದ ಇಳಿದು, ರೈಲು ಹತ್ತಿ, ಮತ್ತೆ ಹಡಗು ಹತ್ತಿ, ಕೆಂಪು ಸಮುದ್ರದ ಬೇಗೆಯನ್ನು ದಾಟಬೇಕಿತ್ತು. ಮದರಾಸು ಮುಟ್ಟಿದ ಮೇಲೆ ಬಯಲಿನ ಬಿಸಿಲು. ಆಮೇಲೆ ಎತ್ತಿನ ಗಾಡಿಯಲ್ಲಿ ಘಾಟಿ. ಬೆಟ್ಟದ ರೈಲು ಕೂನೂರು ಮುಟ್ಟಿದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಈ ದಾರಿಯುದ್ದಕ್ಕೂ ಮೊಟ್ಟೆಗಳನ್ನು ತಣ್ಣಗಿಡುವ ಉಪಾಯ ಒಂದೇ, ಮಂಜುಗಡ್ಡೆ. ಆಗ ಮಂಜುಗಡ್ಡೆಯೂ ಪರದೇಶದ ಸರಕೇ ಆಗಿತ್ತು. ಅಮೆರಿಕದ ಕೊಳಗಳಲ್ಲಿ ಕಡಿದ ಗಡ್ಡೆಗಳು ಹಡಗಿನಲ್ಲಿ ಬಂದು ಮದರಾಸಿನ ಐಸ್ ಹೌಸಿನಲ್ಲಿ ದಾಸ್ತಾನಾಗುತ್ತಿದ್ದವು. ಮುಂದೆ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡ ಅದೇ.

ಇದೇ ಸಮಸ್ಯೆಯನ್ನು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬಿಡಿಸಿದ್ದರು. 1864ರ ಜನವರಿಯಲ್ಲಿ 'ನಾರ್ಫೋಕ್' ಎಂಬ ಹಡಗು ಲಂಡನ್ನಿನಿಂದ ಹೊರಟಿತು. ಮೊಟ್ಟೆಗಳನ್ನು ಹಸಿ ಪಾಚಿಯಲ್ಲಿ ಸುತ್ತಿ, ಪೆಟ್ಟಿಗೆಗಳನ್ನು ಮಂಜುಗಡ್ಡೆಯ ರಾಶಿಯ ಅಡಿಯಲ್ಲಿ ಇಟ್ಟಿದ್ದರು. ಸುಮಾರು ಮೂರು ತಿಂಗಳ ಪ್ರಯಾಣದ ನಂತರವೂ ಜೀವ ಉಳಿದಿದ್ದ ಮೊಟ್ಟೆಗಳು ಟಾಸ್ಮೇನಿಯಾ ತಲಪಿ ಅಲ್ಲಿ ಮರಿಯಾದವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಟ್ರೌಟ್ ವಂಶ ಅಲ್ಲಿಂದ ಬೆಳೆಯಿತು. ನಮ್ಮಲ್ಲಿ ಕಾಶ್ಮೀರಕ್ಕೂ ಮೊಟ್ಟೆಗಳು ಬಂದವು. 1899ರಲ್ಲಿ ಬಂದ ಮೊದಲ ಕಂತು ದಾರಿಯಲ್ಲೇ ಹಾಳಾಯಿತು. 1900ರಲ್ಲಿ ಬಂದದ್ದು ಉಳಿಯಿತು.

ಕಾನೂನು ಮೊದಲು, ಮೀನು ಆಮೇಲೆ

ನೀಲಗಿರಿಯಲ್ಲಿ ಗೆಲುವು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಮದರಾಸು ಸರ್ಕಾರದ ಮತ್ಸ್ಯತಜ್ಞ ಎಚ್.ಸಿ. ವಿಲ್ಸನ್ ಎಂಬಾತ ದೂರದ ಇಂಗ್ಲೆಂಡನ್ನು ಬಿಟ್ಟು ಪಕ್ಕದ ಸಿಂಹಳದ ಕಡೆ ನೋಡಿದ. ಅಲ್ಲಿನ ಬೆಟ್ಟಗಳಲ್ಲಿ ಅಷ್ಟು ಹೊತ್ತಿಗೆ ಟ್ರೌಟ್ ನೆಲೆಯೂರಿತ್ತು. ತಳಿಯೂ ಬೇರೆ, ಕಾಮನಬಿಲ್ಲು ಟ್ರೌಟ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಹೊಳೆಗಳು ಇದರ ತವರು. ಪಕ್ಕೆಯ ಮೇಲೆ ನಸುಗೆಂಪು ಪಟ್ಟಿ ಇರುವುದರಿಂದ ಈ ಹೆಸರು. ಕಂದು ಟ್ರೌಟಿಗಿಂತ ಇದು ಸೆಕೆಯನ್ನು ಸ್ವಲ್ಪ ಹೆಚ್ಚು ತಾಳುತ್ತದೆ. ದಾರಿ ಹತ್ತಿರವಾಯಿತು, ತಳಿ ಒಗ್ಗಿತು. 1907ರಲ್ಲಿ ಊಟಿಗೆ ಸಮೀಪದ ಅವಲಾಂಚಿಯಲ್ಲಿ ಮೊಟ್ಟೆಮನೆ ಸ್ಥಾಪನೆಯಾಯಿತು. ಮರಿಗಳನ್ನು ಸುತ್ತಲಿನ ತೊರೆಗಳಿಗೆ ಬಿಟ್ಟರು.

ಇಲ್ಲಿ ಒಂದು ಸ್ವಾರಸ್ಯವಿದೆ. ಬೇಟೆಯ ಪ್ರಾಣಿಗಳನ್ನೂ ಮೀನನ್ನೂ ಕಾಪಾಡುವ ನೀಲಗಿರಿ ಕಾಯ್ದೆ ಜಾರಿಗೆ ಬಂದದ್ದು 1879ರಲ್ಲಿ. ಟ್ರೌಟ್ ನಿಂತದ್ದು ಅದಾಗಿ ಇಪ್ಪತ್ತೆಂಟು ವರ್ಷದ ಮೇಲೆ. ಬರಬೇಕಾದ ಅತಿಥಿಗೆ ಮೊದಲೇ ಕಾವಲು ಸಿದ್ಧವಾಗಿತ್ತು. ಬೇಟೆಗೆ, ಮೀನಿಗೆ ಪರವಾನಗಿ ಕಡ್ಡಾಯವಾಯಿತು. ಬಿಡುವಿನ ಎರಡು ದಿನ ಕಳೆಯಲು ಬಂದ ದೊರೆಗಳು ಪರವಾನಗಿ ಪಡೆದು ತೊರೆಯ ದಂಡೆಯಲ್ಲಿ ನಿಲ್ಲುತ್ತಿದ್ದರು. ಅವರ ಗಾಳಕ್ಕೆ ಎರೆಹುಳು ಇರಲಿಲ್ಲ. ಹಕ್ಕಿಯ ಗರಿ, ರೇಷ್ಮೆದಾರ ಸೇರಿಸಿ ಕಟ್ಟಿದ ಕೃತಕ ನೊಣ ಇರುತ್ತಿತ್ತು. ಟ್ರೌಟ್ ನೀರಿನ ಮೇಲೆ ಇಳಿಯುವ ಕೀಟಗಳಿಗೆ ಬಾಯಿ ಹಾಕುವ ಮೀನು. ಅದಕ್ಕೆ ತಕ್ಕ ಮೋಸ ಇದು. ಚಳಿಗಾಲ ಈ ಮೀನಿಗೆ ಮೊಟ್ಟೆಯಿಡುವ ಕಾಲ. ಸ್ವಚ್ಛವಾದ ಬೆಣಚುಕಲ್ಲಿನ ತಳದಲ್ಲಿ ಹೆಣ್ಣು ಮೀನು ಬಾಲದಿಂದ ಗುಳಿ ತೋಡಿ ಮೊಟ್ಟೆಯಿಡುತ್ತದೆ.

ಸ್ವಾತಂತ್ರ್ಯದ ನಂತರ, 1950 ಮತ್ತು 60ರ ದಶಕಗಳಲ್ಲಿ ಕೆನಡಾ ದೇಶದ ನೆರವಿನಿಂದ ಕುಂದಾ ಜಲವಿದ್ಯುತ್ ಯೋಜನೆ ಕೈಗೂಡಿತು. ಅವಲಾಂಚಿ, ಎಮರಾಲ್ಡ್, ಮೇಲ್ಭವಾನಿ ಜಲಾಶಯಗಳು ಆಗ ಹುಟ್ಟಿದವು. ತೊರೆಯ ಮೀನಿಗೆ ಕೆರೆಯೂ ಸಿಕ್ಕಿತು.

ನೀರಿನ ಲೆಕ್ಕ

ಈಗ ನಮ್ಮ ಪ್ರಶ್ನೆಗೆ ಬರೋಣ. ಗುಂಡ್ಲುಪೇಟೆ ಸುಮಾರು 800 ಮೀಟರ್ ಎತ್ತರದಲ್ಲಿದೆ. ಊಟಿಗೂ ಅದಕ್ಕೂ ಹೆಚ್ಚುಕಡಿಮೆ 1,440 ಮೀಟರ್ ವ್ಯತ್ಯಾಸ. ಸಾವಿರ ಮೀಟರ್ ಮೇಲೇರಿದರೆ ಗಾಳಿಯ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆಂದು ನೀವು ಭೂಗೋಳದಲ್ಲಿ ಓದಿದ್ದೀರಿ. ಲೆಕ್ಕ ಹಾಕಿದರೆ ಎರಡೂ ಊರುಗಳ ನಡುವೆ ಸುಮಾರು 9 ಡಿಗ್ರಿಯ ಅಂತರ ಬರುತ್ತದೆ. ಟ್ರೌಟಿಗೆ 20 ಡಿಗ್ರಿ ಮೀರಿದ ನೀರು ಸಂಕಟ, 25ರ ಆಸುಪಾಸು ಪ್ರಾಣಕ್ಕೇ ಸಂಚಕಾರ. ಗುಂಡ್ಲುಪೇಟೆಯ ಕೆರೆಯ ನೀರು ಚಳಿಗಾಲದಲ್ಲೂ 20ಕ್ಕಿಂತ ಕೆಳಗಿಳಿಯುವುದು ಅಪರೂಪ. ಬೇಸಿಗೆಯಲ್ಲಂತೂ ಕೇಳುವುದೇ ಬೇಡ.

ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಅದಕ್ಕೇ ಟ್ರೌಟ್ ಸಾಯುತ್ತದೆ ಎಂದು ಪಠ್ಯಪುಸ್ತಕ ಹೇಳಬಹುದು. ಇದು ಅರ್ಧ ಸತ್ಯ. ಸಮುದ್ರಮಟ್ಟದಲ್ಲಿ 10 ಡಿಗ್ರಿ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿ ನೀರು ಸುಮಾರು 7.5 ಮಿಲಿಗ್ರಾಂ ಮಾತ್ರ. ಆದರೆ ಊಟಿ ಸಮುದ್ರಮಟ್ಟದಲ್ಲಿಲ್ಲ. ಅಲ್ಲಿ ಗಾಳಿಯ ಒತ್ತಡವೇ ಕಾಲುಭಾಗದಷ್ಟು ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಊಟಿಯ 15 ಡಿಗ್ರಿ ನೀರಿನಲ್ಲಿ ಗರಿಷ್ಠ 7.8 ಮಿಲಿಗ್ರಾಂ, ಗುಂಡ್ಲುಪೇಟೆಯ 25 ಡಿಗ್ರಿ ನೀರಿನಲ್ಲಿ ಗರಿಷ್ಠ 7.5 ಮಿಲಿಗ್ರಾಂನಷ್ಟು ಬರುತ್ತದೆ. ಹೆಚ್ಚಿನ ವ್ಯತ್ಯಾಸವೇ ಇಲ್ಲ!

ಹಾಗಾದರೆ ತೊಡಕು ಎಲ್ಲಿದೆ? ಮೀನಿನ ಒಡಲಿನಲ್ಲಿ. ಮೀನು ಶೀತರಕ್ತದ ಪ್ರಾಣಿ. ನೀರು ಬಿಸಿಯಾದಂತೆ ಅದರ ದೇಹದ ಕ್ರಿಯೆಗಳೂ ವೇಗವಾಗುತ್ತವೆ. 10 ಡಿಗ್ರಿ ಏರಿದರೆ ಆಮ್ಲಜನಕದ ಬೇಡಿಕೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಸಂಬಳ ಅಷ್ಟೇ ಇದ್ದು ಮನೆಯ ಖರ್ಚು ಇಮ್ಮಡಿಯಾದರೆ ಸಂಸಾರ ಹೇಗಿರುತ್ತದೋ ಹಾಗೆ. ನಮ್ಮ ಕೆರೆಯಲ್ಲಿ ಇನ್ನೊಂದು ಕಷ್ಟವೂ ಇದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಬೆಳಗಿನ ಜಾವ ಕೆರೆಯ ನೀರಿನಲ್ಲಿ ಅದರ ಪ್ರಮಾಣ ತೀರ ಕೆಳಗಿರುತ್ತದೆ. ನಮ್ಮ ಕೊರವ ಮೀನು ಆಗ ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಟ್ರೌಟಿಗೆ ಆ ಸೌಕರ್ಯವಿಲ್ಲ. ಸಾಲದ್ದಕ್ಕೆ ಕೆರೆಯ ತಳದಲ್ಲಿ ಹೂಳು. ಹೂಳು ಮುಚ್ಚಿದ ಮೊಟ್ಟೆ ಉಸಿರುಕಟ್ಟಿ ಸಾಯುತ್ತದೆ.

ಹೀಗೆ ಬಂಡೀಪುರದ ಕಾಡಿನ ಆಚೆಯ ಘಾಟಿ ಟ್ರೌಟಿನ ಪಾಲಿಗೆ ದಾಟಲಾರದ ಗಡಿ. ನಮ್ಮ ಜಿಲ್ಲೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಮೋಡ ಮುಸುಕುವ ಆ ಬೆಟ್ಟವೂ ಈ ಲೆಕ್ಕಕ್ಕೆ ಎಟಕುವುದಿಲ್ಲ.

ಇಳಿದು ಬಂದ ಮೀನುಗಳು

ಟ್ರೌಟ್ ಇಳಿಯಲಿಲ್ಲ, ಆದರೆ ಬೇರೆ ಮೀನುಗಳು ಬಯಲಿಗೆ ಬಂದವು. 1939ರಲ್ಲಿ ಸಿಂಹಳದಿಂದ ಊಟಿಯ ಕೆರೆಗೆ ಇನ್ನೊಂದು ಮೀನನ್ನು ತಂದರು. ನಮ್ಮವರು ಸಾಮಾನ್ಯ ಗೆಂಡೆ ಎನ್ನುವ ಕಾಮನ್ ಕಾರ್ಪ್ ಅದು. ಅದರ ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕಿನಿಂದ ಒರಿಸ್ಸಾದ ಕಟಕ್‌ಗೆ ಬಂದಿತು. ಕೆಸರು, ಸೆಕೆ, ಆಮ್ಲಜನಕದ ಕೊರತೆ ಯಾವುದಕ್ಕೂ ಇದು ಅಂಜುವುದಿಲ್ಲ. ಇಂದು ಕರ್ನಾಟಕದ ಊರೂರಿನ ಕೆರೆಗೆ ಬಿಡುವ ಮರಿಗಳಲ್ಲಿ ಇದರ ಪಾಲು ದೊಡ್ಡದು. ಹುಡುಗರು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಆಫ್ರಿಕಾದ ಮೀನು, ಭಾರತಕ್ಕೆ ಬಂದದ್ದು 1952ರಲ್ಲಿ. ಬಡವರ ಊಟಕ್ಕೆ ಇವು ಒದಗಿವೆ ಎಂಬುದನ್ನು ಮರೆಯಬಾರದು. ಕೆರೆಯ ಮೀನಿನ ಹರಾಜನ್ನು ನಂಬಿದ ಸಂಸಾರಗಳೂ ಇವೆ.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಜಗತ್ತಿನಲ್ಲಿ ಸ್ಥಳೀಯ ಜೀವಿಗಳಿಗೆ ಅತಿ ಹೆಚ್ಚು ಹಾನಿ ಮಾಡಿದ ನೂರು ಪರಕೀಯ ಜೀವಿಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಕಂದು ಟ್ರೌಟ್ ಇದೆ, ಕಾಮನಬಿಲ್ಲು ಟ್ರೌಟ್ ಇದೆ, ಸಾಮಾನ್ಯ ಗೆಂಡೆ ಇದೆ, ತಿಲಾಪಿಯಾ ಕೂಡ ಇದೆ. ಮನುಷ್ಯ ಮೆಚ್ಚಿ ತಂದ ಮೀನು ಅಲ್ಲಿನ ಹಳೆಯ ಮೀನಿಗೆ ಏನಾಗುತ್ತದೆಂದು ಕೇಳಿ ಬರುವುದಿಲ್ಲ.

ನಮ್ಮ ಹೊಳೆಯ ದೊಡ್ಡ ಮೀನು

ಗಾಳದವರ ಕನಸಿನ ಮೀನು ನಮ್ಮಲ್ಲೇ ಇತ್ತು. ಅದು ಮಶೀರ್. ಕಾವೇರಿ ದಂಡೆಯ ಜನ ಬಿಳಿಮೀನು ಎನ್ನುತ್ತಾರೆ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ, ಕತ್ತಿನ ಹಿಂದೆ ಡುಬ್ಬವಿರುವ ಮಶೀರ್ ಜಗತ್ತಿನ ಅತಿ ದೊಡ್ಡ ಮಶೀರ್‌ಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಕಬಿನಿ ಹೊಳೆಯಲ್ಲಿ ಗಾಳದಿಂದ ಹಿಡಿದ ಮಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತು. ಟ್ರೌಟಿಗೆ ಪರದಾಡಿದ ದೊರೆಗಳಿಗೂ ಇದರ ಬೆಲೆ ಗೊತ್ತಿತ್ತು. ಥಾಮಸನ ಪುಸ್ತಕದಲ್ಲಿ ಮಶೀರ್‌ಗೆ ದೊಡ್ಡ ಸ್ಥಾನವಿದೆ.

ಇದು ಮಳೆಗಾಲದ ಹೊಸನೀರಿನಲ್ಲಿ ಮೇಲ್ಮುಖವಾಗಿ ಈಜಿ, ಬೆಣಚುಕಲ್ಲಿನ ತಳ ಹುಡುಕಿ ಮೊಟ್ಟೆಯಿಡುವ ಮೀನು. ಅಣೆಕಟ್ಟುಗಳು ಅದರ ದಾರಿಯನ್ನು ಕತ್ತರಿಸಿದವು. ಮರಳು ತೆಗೆದದ್ದರಿಂದ ತಳ ಕೆಟ್ಟಿತು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿತ್ತು, ಆದರೂ ಅದು ನಿಲ್ಲಲಿಲ್ಲ. ಮಶೀರ್ ಕಡಿಮೆಯಾಗುತ್ತಿದೆಯೆಂದು 1970ರ ದಶಕದಿಂದ ಕಾವೇರಿಗೆ ಮರಿಗಳನ್ನು ಬಿಡಲಾರಂಭಿಸಿದರು. ಒಳ್ಳೆಯ ಉದ್ದೇಶವೇ. ಆದರೆ ಬಿಟ್ಟ ಮರಿಗಳು ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ, ಕೃಷ್ಣಾ ಕಣಿವೆಯ ನೀಲಿರೆಕ್ಕೆಯ ಮಶೀರ್ ಜಾತಿಯವು. ಎರಡೂ ಮಶೀರ್ ತಾನೇ ಎಂದುಕೊಂಡರು. 1998ರಿಂದ 2012ರವರೆಗೆ ಕಾವೇರಿಯ ಗಾಳದ ಶಿಬಿರಗಳಲ್ಲಿ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಮುಂದೆ ಪರಿಶೀಲಿಸಿದಾಗ ನಿಜಸ್ಥಿತಿ ಹೊರಬಿತ್ತು. ನೀಲಿರೆಕ್ಕೆಯ ಮೀನು ಹೆಚ್ಚುತ್ತಾ ಹೋಗಿತ್ತು, ಡುಬ್ಬದ ಮಶೀರ್ ಇಳಿಯುತ್ತಾ ಹೋಗಿತ್ತು.

ಇನ್ನೂ ಆಶ್ಚರ್ಯದ ಸಂಗತಿಯೆಂದರೆ ಇಷ್ಟು ಪ್ರಸಿದ್ಧವಾದ ಮೀನಿಗೆ 2018ರವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಆ ವರ್ಷ ಸಂಶೋಧಕರು ಮೋಯಾರ್ ಹೊಳೆಯ ಮೀನುಗಳನ್ನು ಪರೀಕ್ಷಿಸಿದರು. ಕೇರಳದ ಪಾಂಬಾರ್ ಹೊಳೆಯ ಮರಿಮೀನುಗಳನ್ನು ನೋಡಿ ಮೊದಲೇ ವಿವರಿಸಿದ್ದ 'ಟಾರ್ ರೇಮಾದೇವಿಐ' ಎಂಬ ಜಾತಿಯೇ ಇದು ಎಂದು ಗುರುತಿಸಿದರು. ಮತ್ಸ್ಯವಿಜ್ಞಾನಿ ಕೆ. ರೇಮಾದೇವಿಯವರ ಗೌರವಾರ್ಥ ಬಂದ ಹೆಸರು ಅದು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಹೆಸರೂ ಎಚ್ಚರಿಕೆಯೂ ಒಟ್ಟಿಗೆ ಬಂದವು.

ಮೋಯಾರ್ ಎಲ್ಲಿದೆ ಬಲ್ಲಿರಾ? ನೀಲಗಿರಿಯಲ್ಲಿ ಹುಟ್ಟಿ, ಮುದುಮಲೈ ಮತ್ತು ನಮ್ಮ ಬಂಡೀಪುರದ ನಡುವೆ ಆಳವಾದ ಕಮರಿಯಲ್ಲಿ ಹರಿದು, ಭವಾನಿಯನ್ನು ಸೇರುವ ಹೊಳೆ ಅದು. ಟ್ರೌಟ್ ಬಿಟ್ಟ ಬೆಟ್ಟದ ನೀರೇ ಕೆಳಗಿಳಿದು ಬಿಸಿಯಾಗಿ, ಮಶೀರ್‌ನ ನೀರಾಗುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ಅಂಚಿನಲ್ಲೇ ಆ ಮೀನಿನ ಉಳಿದ ಕೆಲವೇ ನೆಲೆಗಳಲ್ಲಿ ಒಂದು ಇದೆ.

ವಾದಕ್ಕೆ ಎಡೆಯಿರುವ ಒಂದು ವಿಷಯವನ್ನು ತರಗತಿಯಲ್ಲಿ ಚರ್ಚಿಸಲು ಬಿಡುತ್ತೇನೆ. ಕಾವೇರಿ ವನ್ಯಧಾಮದಲ್ಲಿ ಗಾಳದ ಶಿಬಿರಗಳು 2012ರಲ್ಲಿ ನಿಂತವು. ವನ್ಯಧಾಮದೊಳಗೆ ಯಾವ ಪ್ರಾಣಿಯನ್ನೂ ಹಿಡಿಯಬಾರದೆಂಬುದು ಕಾನೂನಿನ ನ್ಯಾಯ. ಹಿಡಿದ ಮೀನನ್ನು ತೂಗಿ, ಬರೆದು, ಮತ್ತೆ ನೀರಿಗೆ ಬಿಡುತ್ತಿದ್ದ ಶಿಬಿರಗಳು ಕಳ್ಳ ಮೀನುಗಾರರಿಗೆ ಕಾವಲೂ ಆಗಿದ್ದವು, ಆ ಲೆಕ್ಕವೇ ಮೀನಿನ ಅವನತಿಗೆ ಸಾಕ್ಷಿಯಾಯಿತು ಎಂಬುದು ಇನ್ನೊಂದು ನ್ಯಾಯ. ಯಾರು ನೋಡಿಕೊಳ್ಳಬೇಕು, ಯಾರು ಲೆಕ್ಕ ಇಡಬೇಕು? ಎರಡೂ ಕಡೆಯ ಮಾತನ್ನು ತೂಗಿ ನೋಡಿ.

ನೀವು ಮಾಡಬಹುದಾದ ಕೆಲಸ

ಈ ಚಳಿಗಾಲದ ಒಂದು ಶನಿವಾರ, ಭಾನುವಾರವನ್ನು ನಿಮ್ಮ ಊರಿನ ಕೆರೆಗೆ ಕೊಡಿ. ಪ್ರಯೋಗಾಲಯದಿಂದ ಒಂದು ಥರ್ಮಾಮೀಟರ್ ಕೇಳಿ ತನ್ನಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ನೀರಿನ ಉಷ್ಣತೆ ಬರೆದುಕೊಳ್ಳಿ. ಟ್ರೌಟಿನ 20 ಡಿಗ್ರಿ ಗೆರೆಗೆ ನಿಮ್ಮ ಕೆರೆ ಎಷ್ಟು ದೂರವಿದೆ ನೋಡಿ. ಬಲೆ ಎಳೆಯುವವರನ್ನು, ಗಾಳ ಹಾಕುವ ಹಿರಿಯರನ್ನು ಮಾತನಾಡಿಸಿ. ಅವರ ಬಾಲ್ಯದಲ್ಲಿ ಯಾವ ಮೀನು ಸಿಗುತ್ತಿತ್ತು, ಅದಕ್ಕೆ ಏನೆಂದು ಕರೆಯುತ್ತಿದ್ದರು, ಯಾವ ವರ್ಷದ ಬರದಲ್ಲಿ ಅದು ಕಾಣೆಯಾಯಿತು ಎಂದು ಕೇಳಿ, ಅವರು ಹೇಳಿದ ಹೆಸರನ್ನೇ ಬರೆದಿಡಿ. ನೀರಿನ ಬಳಿ ಒಬ್ಬರೇ ಹೋಗಬೇಡಿ. ಕಾಡಿನೊಳಗಿನ ಹೊಳೆಗೆ ಅನುಮತಿಯಿಲ್ಲದೆ ಇಳಿಯಬೇಡಿ, ಅಲ್ಲಿ ಗಾಳ ಹಾಕುವುದು ಅಪರಾಧ.

ಅವಲಾಂಚಿಯ ಪ್ರತಿಯೊಂದು ಪ್ರಯತ್ನಕ್ಕೂ ಇಸವಿ ಇದೆ, ಹೆಸರಿದೆ, ಕಡತವಿದೆ. ಗುಂಡ್ಲುಪೇಟೆ, ಚಾಮರಾಜನಗರದ ಕೆರೆಗಳಲ್ಲಿ ಹುಟ್ಟಿ ಬೆಳೆದ ಮೀನುಗಳಿಗೆ ಅಂಥ ಕಡತವನ್ನು ಯಾರೂ ತೆರೆಯಲಿಲ್ಲ. ಹಳೆಯ ಮೀನುಗಳ ಹೆಸರು ಬಲ್ಲ ಹಿರಿಯರು ಇನ್ನೂ ಏರಿಯ ಮೇಲೆ ಸಿಗುತ್ತಾರೆ. ಒಂದು ನೋಟ್‌ಬುಕ್ ಹಿಡಿದು ಅವರ ಬಳಿ ಹೋಗಲು ಪರವಾನಗಿ ಬೇಕಿಲ್ಲ.